ಇದೊಂದು ಸಲ ಕಾಪಾಡಪ್ಪಾ

ಎಲ್ಲ ತಾಪತ್ರಯಕ್ಕೂ ಮೂಲ, ಶುಕ್ರವಾರ ಸಂಜೆ ಗುಮಾಸ್ತನ ಬಾಯಿಂದ ಜಾರಿದ ಒಂದೇ ಒಂದು ಮಾತು. ಅವನು ಕೆಲಸ ಮಾಡುವ ಹಾಸಿಗೆ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂದಿತ್ತು. ಇನ್ನು ಮೂರು ತಿಂಗಳು ಭಾನುವಾರವೂ ಬೆಳಿಗ್ಗೆ ಎಂಟಕ್ಕೆ ಬರಬೇಕು ಎಂದು ಹೊಸ ಮ್ಯಾನೇಜರ್ ಹೇಳಿದಾಗ, ಗುಮಾಸ್ತ ಕಣ್ಣು ಅರೆಮುಚ್ಚಿ, ಕೈಕಟ್ಟಿ, "ಭಾನುವಾರ ನಾನು ಚರ್ಚು ತಪ್ಪಿಸೋಲ್ಲ ಸಾರ್. ಚಿಕ್ಕಂದಿನಿಂದ ಬಂದದ್ದು," ಎಂದುಬಿಟ್ಟ.

ಅವನು ಕೊನೆಯ ಸಲ ಚರ್ಚಿಗೆ ಕಾಲಿಟ್ಟದ್ದು ಏಳು ವರ್ಷದ ಹಿಂದೆ, ತನ್ನದೇ ಮದುವೆಗೆ. ಅಂದೂ ತಡವಾಗಿಯೇ ಹೋಗಿದ್ದ. ಭಾನುವಾರವೆಂದರೆ ಅವನಿಗೆ ಹನ್ನೊಂದರವರೆಗೆ ನಿದ್ದೆ. ಆ ನಿದ್ದೆಯ ಆಸೆಯಲ್ಲೇ ಉಳಿದ ಆರು ದಿನ ದೂಡುತ್ತಿದ್ದ ಮನುಷ್ಯ.

ಮ್ಯಾನೇಜರ್ ಮುಖ ಊರಗಲವಾಯಿತು. "ಹೌದೇನ್ರೀ? ನಾನೂ ಚರ್ಚಿಗೆ ಹೋಗೋನೇ. ಊರಿಗೆ ಹೊಸಬ, ಜೊತೆ ಸಿಕ್ಕಿರಲಿಲ್ಲ. ಈ ಭಾನುವಾರ ನಿಮ್ಮ ಪಕ್ಕದಲ್ಲೇ ಕೂರ್ತೀನಿ. ನಿಮಗೆ ಆವತ್ತು ಕೆಲಸ ಬೇಡ ಬಿಡಿ."

ಭಾನುವಾರ ಬೆಳಿಗ್ಗೆ ಎಂಟಕ್ಕೇ ಗಂಡ ಶೂ ಹಾಕಿಕೊಳ್ಳುವುದನ್ನು ಕಂಡು ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಅವಳು ಚರ್ಚಿನಲ್ಲಿ ಹಾಡುವವಳು. ಏಳು ವರ್ಷದಿಂದ ಒಬ್ಬಳೇ ಹೋಗಿ ಬರುತ್ತಿದ್ದಳು. ವಿಷಯ ತಿಳಿದ ಮೇಲೆ ಸೊಂಟಕ್ಕೆ ಕೈಯಿಟ್ಟಳು.

"ನನ್ನನ್ನೇನಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳಲ್ಲ ನೋಡಿ."

"ಹೇಳ್ಬೇಡ ತಾಯಿ, ಹಾಡ್ತಾ ಇರು. ಬಾಯಿಗೆ ಬಿಡುವೇ ಕೊಡ್ಬೇಡ. ನನ್ನ ಸುಳ್ಳು ಹೊರಗೆ ಬಂದ್ರೆ ನಿದ್ದೆ ಹಾಗಿರಲಿ, ಕೆಲಸವೇ ಹೋಗುತ್ತೆ!"

ಚರ್ಚಿನ ಬಾಗಿಲಲ್ಲಿ ಹಾಡಿನ ಪುಸ್ತಕ ಹಂಚುತ್ತಿದ್ದ ನಿವೃತ್ತ ಮೇಷ್ಟರು ಮ್ಯಾನೇಜರ್ ಎದುರಿಗೇ ಗುಮಾಸ್ತನ ಕೈ ಹಿಡಿದು ಕುಲುಕಿದರು. "ಬನ್ನಿ ಬನ್ನಿ, ಮೊದಲ ಸಲ ಬರ್ತಿದೀರಾ?"

"ಮೇಷ್ಟ್ರಿಗೆ ಯಾವಾಗಲೂ ತಮಾಷೆ," ಎಂದು ನಗುತ್ತ ಗುಮಾಸ್ತ ಮ್ಯಾನೇಜರನ್ನು ಒಳಕ್ಕೆ ಸಾಗಹಾಕಿದ.

ಒಳಗೆ ಪಾಸ್ಟರ್ ಎದುರಾದರು. ಮದುವೆ ಮಾಡಿಸಿದವರು ಅವರೇ, ಮುಖ ಮರೆತಿರಲಿಲ್ಲ. ಗುಮಾಸ್ತನನ್ನು ಕಂಡು ಗಾಬರಿಯಾದರು. "ಮನೇಲಿ ಎಲ್ಲರೂ ಕ್ಷೇಮ ತಾನೇ? ಯಾರಿಗೂ ಏನೂ ಆಗಿಲ್ವಲ್ಲ?"

"ನೋಡಿ ಸಾರ್, ಒಬ್ಬೊಬ್ಬರ ಮನೆಯನ್ನೂ ಹೇಗೆ ವಿಚಾರಿಸ್ಕೊತಾರೆ," ಎಂದು ಗುಮಾಸ್ತ ಪಿಸುಗುಟ್ಟಿದ. ಮ್ಯಾನೇಜರ್ ತಲೆದೂಗಿದರು.

"ನೀವು ಯಾವಾಗಲೂ ಕೂರೋ ಜಾಗ ಯಾವುದು?"

ಗುಮಾಸ್ತ ಧೈರ್ಯವಾಗಿ ಮೂರನೇ ಬೆಂಚು ತೋರಿಸಿದ. ಕೂತು ನಿಮಿಷವಾಗಿರಲಿಲ್ಲ, ಒಬ್ಬ ಅಜ್ಜಿ ಬಂದು ಕೋಲಿನಿಂದ ಅವನ ಶೂ ತಟ್ಟಿದಳು. "ಏಳಪ್ಪಾ. ಮೂವತ್ತು ವರ್ಷದಿಂದ ಇದು ನನ್ನ ಜಾಗ."

"ಪ್ರತಿ ವಾರ ಅಜ್ಜಿಗೆ ಹೀಗೇ ಬಿಟ್ಟುಕೊಡ್ತೀನಿ ಸಾರ್," ಎಂದು ಗುಮಾಸ್ತ ಪಕ್ಕಕ್ಕೆ ಸರಿದ.

ಆರಾಧನೆ ಶುರುವಾಯಿತು. ಎಲ್ಲರೂ ನಿಂತಾಗ ಅವನು ಕೂತಿದ್ದ. ಅವನು ಎದ್ದಾಗ ಎಲ್ಲರೂ ಕೂತರು. ಮುಂದೆ ಹಾಡುತ್ತಿದ್ದ ಹೆಂಡತಿಯ ಪುಸ್ತಕ ನಗುವಿಗೆ ಗಡಗಡ ನಡುಗುತ್ತಿತ್ತು. ಅಷ್ಟರಲ್ಲಿ ಪಾಸ್ಟರ್, "ಮೊದಲ ಸಲ ಬಂದವರು ದಯವಿಟ್ಟು ಎದ್ದು ನಿಲ್ಲಿ," ಎಂದರು. ಮ್ಯಾನೇಜರ್ ಎದ್ದರು. ಬಾಗಿಲಲ್ಲಿದ್ದ ಮೇಷ್ಟರು ಗುಮಾಸ್ತನಿಗೂ ಏಳು ಏಳು ಎಂದು ಕೈಸನ್ನೆ ಮಾಡಿದರು. ಅವನು ಮಿಸುಕಲಿಲ್ಲ. ಅಜ್ಜಿ ಕೋಲಿನಿಂದ ಪಕ್ಕೆಗೆ ತಿವಿದಳು. ತಿವಿತಕ್ಕೆ ಎದ್ದೇಬಿಟ್ಟ.

"ನಾನು... ಇವರನ್ನ ಪರಿಚಯ ಮಾಡಿಸೋಣ ಅಂತ ಎದ್ದೆ. ನಮ್ಮ ಮ್ಯಾನೇಜರ್ ಸಾಹೇಬರು."

ಪಾಸ್ಟರ್‌ಗೆ ಹಿಗ್ಗೋ ಹಿಗ್ಗು. "ನೋಡಿ, ತಾವು ಬಂದಿದ್ದಲ್ಲದೆ ಇನ್ನೊಬ್ಬರನ್ನೂ ಕರೆತಂದಿದ್ದಾರೆ! ಇವತ್ತಿನ ಪ್ರಾರ್ಥನೆ ಇವರೇ ಮಾಡಲಿ."

ಗುಮಾಸ್ತ ಮುಂದೆ ಹೋಗಿ ನಿಂತ. ಚಿಕ್ಕಂದಿನಲ್ಲಿ ಕಲಿತ ಒಂದು ಸಾಲೂ ನೆನಪಾಗಲಿಲ್ಲ. ಇನ್ನೂರು ಜನ ನಂಬಿ ಕಣ್ಣು ಮುಚ್ಚಿ ತಲೆ ಬಾಗಿಸಿ ಕೂತಿದ್ದರು. ಅದನ್ನು ನೋಡಿ ಅವನಿಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ಸ್ವಾಮೀ, ನಾನೆಂಥವನು ಅಂತ ನಿನಗೆ ಗೊತ್ತು. ಇದೊಂದು ಸಲ ಕಾಪಾಡಪ್ಪಾ. ಆಮೆನ್."

ಅವನು ಏಳು ವರ್ಷದಲ್ಲಿ ಆಡಿದ ನಿಜವಾದ ಪ್ರಾರ್ಥನೆ ಅದೊಂದೇ. ಅಜ್ಜಿ ಮೂಗು ಸೀಟಿಕೊಂಡಳು. ಹೆಂಡತಿಯ ನಗು ನಿಂತಿತ್ತು.

ಆರಾಧನೆ ಮುಗಿದ ಮೇಲೆ ಹೆಂಡತಿ ಹಾಡಿನ ಅಭ್ಯಾಸಕ್ಕೆ ಉಳಿದಳು. ಮ್ಯಾನೇಜರ್ ಗುಮಾಸ್ತನನ್ನು ಕಾರಿಗೆ ಹತ್ತಿಸಿಕೊಂಡರು. "ಕಾರ್ಖಾನೇಲಿ ಐದು ನಿಮಿಷ ಇಣುಕಿ, ನಿಮ್ಮನ್ನ ಮನೆಗೆ ಬಿಡ್ತೀನಿ." ಗುಮಾಸ್ತ ಸೀಟಿಗೊರಗಿ ಗಡಿಯಾರ ನೋಡಿದ. ಹತ್ತೂಮುಕ್ಕಾಲು. ಊಟದ ಹೊತ್ತಿನವರೆಗೆ ಒಂದು ನಿದ್ದೆ ತೆಗೆಯಬಹುದಿತ್ತು.

ಕಾರ್ಖಾನೆಯಲ್ಲಿ ಹತ್ತಿಯಮ್ಮ ಕಸ ಗುಡಿಸುತ್ತಿದ್ದಳು. ತಲೆಯಲ್ಲಿ ಸದಾ ಹತ್ತಿಯ ಎಳೆ ಅಂಟಿರುತ್ತಿದ್ದುದರಿಂದ ಎಲ್ಲರಿಗೂ ಅವಳು ಹತ್ತಿಯಮ್ಮ. ಅವಳ ಕೊರಳಿನ ಶಿಲುಬೆ ಮ್ಯಾನೇಜರ್ ಕಣ್ಣಿಗೆ ಬಿತ್ತು.

"ನೀವೂ ಇವರ ಚರ್ಚಿನವರೇನಮ್ಮಾ? ಇವತ್ತು ಇವರ ಪ್ರಾರ್ಥನೆ ಕೇಳಬೇಕಿತ್ತು ನೀವು! ಪ್ರತಿ ವಾರ ಇಷ್ಟೇ ಭಕ್ತಿಯಿಂದ ಬರ್ತಾರಾ?"

ಗುಮಾಸ್ತ ಒಂದು ಹೆಜ್ಜೆ ಹಿಂದೆ ಸರಿದ. ಹತ್ತಿಯಮ್ಮ ಸುಳ್ಳಾಡುವವಳಲ್ಲ. ಯಾರೂ ನೋಡದಾಗ ಟ್ಯೂಬ್‌ಲೈಟ್ ಒಡೆದದ್ದನ್ನು ತಾನೇ ಬಂದು ಒಪ್ಪಿಕೊಂಡವಳು.

"ನಾನು ಕಣ್ಣಾರೆ ನೋಡಿದವಳಲ್ಲ ಸಾರ್. ಒಂಬತ್ತರ ಆರಾಧನೆಗೆ ನಾನು ಹೋಗೋದೇ ಇಲ್ಲ."

ಗುಮಾಸ್ತನಿಗೆ ಹೋದ ಜೀವ ಬಂತು.

"ನಂದು ಆರು ಗಂಟೇದು," ಎಂದು ಹತ್ತಿಯಮ್ಮ ಮುಂದುವರಿಸಿದಳು. "ಏಳಕ್ಕೆಲ್ಲ ಮುಗಿಯುತ್ತೆ. ಎಂಟಕ್ಕೆ ಇಲ್ಲಿ ಪೊರಕೆ ಹಿಡೀತೀನಿ."

"ಆರಕ್ಕೂ ಇದೆಯಾ?" ಮ್ಯಾನೇಜರ್ ಚಪ್ಪಾಳೆ ತಟ್ಟಿದರು. "ಕೇಳಿದ್ರೇನ್ರೀ? ಚರ್ಚೂ ತಪ್ಪೋಲ್ಲ, ಕೆಲಸವೂ ತಪ್ಪೋಲ್ಲ! ಮುಂದಿನ ವಾರದಿಂದ ಐದೂವರೆಗೆ ನಾನೇ ನಿಮ್ಮ ಮನೆ ಮುಂದೆ ಬಂದು ಹಾರನ್ ಹೊಡೀತೀನಿ. ಪ್ರಾರ್ಥನೆ ಮುಗಿಸ್ಕೊಂಡು ಇಬ್ಬರೂ ಸೀದಾ ಇಲ್ಲಿಗೆ!"

ಅವರು ಉತ್ಸಾಹದಿಂದ ಮೆಷಿನ್ನುಗಳ ಕಡೆ ಹೊರಟುಹೋದರು. ಗುಮಾಸ್ತ ಅಲ್ಲೇ ಒಟ್ಟಿದ್ದ ಹಾಸಿಗೆಗಳ ಮೇಲೆ ಕುಸಿದ. ಹತ್ತಿಯಮ್ಮ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು.

"ಸದ್ಯ, ದೇವರು ಕೇಳಿಸ್ಕೊಂಡ ಕಣಪ್ಪಾ. ಎರಡು ವರ್ಷದ ಹಿಂದೆ ನಿಮ್ಮ ಮನೆಯವರು ನನ್ನ ಹತ್ರ ಹೇಳ್ಕೊಂಡು ಅತ್ತಿದ್ರು. ಆವತ್ತಿಂದ ಬೇಡ್ಕೊತಾನೇ ಇದ್ದೆ, ಈ ಮನುಷ್ಯ ವಾರವಾರವೂ ಚರ್ಚಿಗೆ ಬರೋ ಹಾಗೆ ಮಾಡಪ್ಪಾ ಅಂತ."

ದೇವರು ಇಬ್ಬರ ಪ್ರಾರ್ಥನೆಯನ್ನೂ ಒಂದಕ್ಷರ ಬಿಡದೆ ನಡೆಸಿಕೊಟ್ಟಿದ್ದ. ಗುಮಾಸ್ತ ಬೇಡಿದ್ದು ಇದೊಂದು ಸಲಕ್ಕೆ ಮಾತ್ರ. ಹತ್ತಿಯಮ್ಮ ಬೇಡಿದ್ದು ಪ್ರತಿ ಭಾನುವಾರಕ್ಕೆ.