ನಾಲ್ಕು ಕ್ಯಾಮೆರಾಗಳಿಗೆ ಕವಿದ ಮಂಜು

ನಾನು ಭೌತಶಾಸ್ತ್ರದ ಉಪನ್ಯಾಸಕ. ಪಿಯುಸಿ ಮಕ್ಕಳಿಗೆ ಮಸೂರದ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಲಗೆ ಏಳುವುದಿಲ್ಲ.

ಬಸವೇಶ್ವರನಗರದ ನಮ್ಮ ಎಂಟು ಮನೆಗಳ ಅಪಾರ್ಟ್‌ಮೆಂಟಿಗೆ ನಾನೇ ಕಾರ್ಯದರ್ಶಿ. ಹೋದ ವರ್ಷ ನಾಲ್ಕು ಕ್ಯಾಮೆರಾ ಹಾಕಿಸಿದ್ದು ನನ್ನ ಆಡಳಿತಾವಧಿಯ ಏಕೈಕ ಸಾಧನೆ. ಗೇಟಿಗೊಂದು, ಪಾರ್ಕಿಂಗಿಗೊಂದು, ಮೆಟ್ಟಿಲಿಗೊಂದು, ತಾರಸಿಗೊಂದು. ಎಲ್ಲವನ್ನೂ ಇಂಟರ್‌ನೆಟ್ಟಿಗೆ ಜೋಡಿಸಿದ್ದರಿಂದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತೇ ನಮ್ಮ ಗೇಟಿನ ಮುಂದೆ ಮಲಗಿದ ನಾಯಿಯನ್ನು ಮೊಬೈಲಿನಲ್ಲಿ ನೋಡಬಹುದಿತ್ತು. ನೋಡುತ್ತಲೂ ಇದ್ದೆ. ಬೇಡವೆಂದರೂ ಸಹೋದ್ಯೋಗಿಗಳಿಗೆ ತೋರಿಸುತ್ತಿದ್ದೆ.

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಮೊಬೈಲ್ ತೆರೆದರೆ ನಾಯಿ ಇಲ್ಲ. ಗೇಟೂ ಇಲ್ಲ! ನಾಲ್ಕೂ ಚೌಕಗಳಲ್ಲಿ ಬರೀ ಬಿಳಿ ಮಂಜು, ನಡುವೆ ಕೆಂಪಗೆ ಏನೋ ಮಸುಕು.

"ಒರೆಸಿ ನೋಡ್ರೀ," ಎಂದಳು ನನ್ನ ಹೆಂಡತಿ ಗಿರಿಜೆ, ಕಾಫಿ ಕೊಡುತ್ತಾ.

ನಾನು ಮೊಬೈಲನ್ನು ಪಂಚೆಗೆ ಒರೆಸಿದೆ. ಮಂಜು ಹೋಗಲಿಲ್ಲ.

"ಮೊಬೈಲ್ ಅಲ್ಲಾರೀ, ಕ್ಯಾಮೆರಾನ!"

"ಇದು ನೆಟ್‌ವರ್ಕ್ ಪ್ರಾಬ್ಲಮ್ ಕಣೇ. ನಾಲ್ಕಕ್ಕೂ ಒಂದೇ ದಿನ ಕೊಳೆ ಕೂರುತ್ತಾ? ಸ್ವಲ್ಪ ಲಾಜಿಕ್ ಬೇಡ್ವಾ?"

ಲಾಜಿಕ್ ಅಭೇದ್ಯವಾಗಿತ್ತು. ಅದನ್ನು ಹಿಡಿದುಕೊಂಡೇ ನಾನು ಹಾಳಾದೆ.

ಮೊದಲು ರೂಟರ್ ಆರಿಸಿ ಹಾಕಿದೆ. ಇಡೀ ಕಟ್ಟಡಕ್ಕೆ ಅದೊಂದೇ ರೂಟರ್. ಎರಡನೇ ಮಹಡಿಯ ವಾಣಿ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಮಾತನಾಡುತ್ತಿದ್ದವರು ಹಾಗೇ ಬಾಲ್ಕನಿಗೆ ಓಡಿ ಬಂದು, "ಅಂಕಲ್, ನೆಟ್ ಹೋಯ್ತು!" ಎಂದು ಕೂಗಿದರು. "ದುರಸ್ತಿ ಕಾರ್ಯ ಪ್ರಗತಿಯಲ್ಲಿದೆ," ಎಂದು ಕೆಳಗಿನಿಂದ ಘೋಷಿಸಿದೆ. ಆಮೇಲೆ ಒಂದೊಂದೇ ಕೇಬಲ್ ಕಿತ್ತು ಚುಚ್ಚಿದೆ. ಮೂರನೆಯದನ್ನು ಎಲ್ಲಿಂದ ಕಿತ್ತೆನೆಂಬುದು ಮರೆತುಹೋಗಿ, ಖಾಲಿ ಕಂಡ ತೂತಿಗೆ ಸಿಕ್ಕಿಸಿದೆ. ಅಧ್ಯಕ್ಷರಾದ ರಂಗೇಗೌಡರ ಮನೆಯ ಇಂಟರ್‌ಕಾಮ್ ಅಂದಿನಿಂದ ಮೂಕವಾಯಿತು. ಕ್ಯಾಮೆರಾಗಳ ರೆಕಾರ್ಡರಿನ ಪಾಸ್‌ವರ್ಡ್ ಬದಲಿಸಿದರೆ ಸರಿಹೋದೀತೆಂದು ಬದಲಿಸಿದೆ. ಯಾರಿಗೂ ಊಹಿಸಲಾಗದಂಥ ಪಾಸ್‌ವರ್ಡ್! ಸಂಜೆಯ ಹೊತ್ತಿಗೆ ನನಗೂ ಊಹಿಸಲಾಗಲಿಲ್ಲ.

ಕೊನೆಗೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ವಿನಯದಿಂದ, "ಸಾರ್, ಲೆನ್ಸ್ ಕ್ಲೀನ್ ಇದೆಯಾ ನೋಡ್ತೀರಾ?" ಎಂದಳು.

"ಏನಮ್ಮಾ, ನಾನು ಲೆನ್ಸ್ ಪಾಠ ಮಾಡೋನು. ಲೆನ್ಸ್ ವಿಷಯ ನಂಗೆ ಹೇಳ್ಬೇಡ," ಎಂದು ಇಟ್ಟುಬಿಟ್ಟೆ.

ನೆಟ್‌ವರ್ಕ್ ಸರಿಯಿದೆ, ಕರೆಂಟು ಸರಿಯಿದೆ, ನಾನಂತೂ ಸರಿಯಿದ್ದೇನೆ. ಹಾಗಾದರೆ ಉಳಿದದ್ದು ಮನುಷ್ಯನ ಕೈವಾಡ! ಕ್ಯಾಮೆರಾ ಕೆಟ್ಟರೆ ಯಾರಿಗೆ ಲಾಭ? ಕಾವಲು ಬಿಟ್ಟು ಮಲಗುವವರಿಗೆ. ನಮ್ಮ ವಾಚ್‌ಮನ್ ಮಹದೇವಪ್ಪ ಹನ್ನೊಂದು ವರ್ಷಗಳಿಂದ ಹೆಂಡತಿಯೊಂದಿಗೆ ಸಂಪಿನ ಪಕ್ಕದ ಕೋಣೆಯಲ್ಲಿ ಇದ್ದಾರೆ. ಒಂದು ದಿನವೂ ಗೇಟು ತೆರೆದಿಟ್ಟು ಹೋದವರಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹೀಗೆ ಬರೆದೆ: "ಆತ್ಮೀಯ ನಿವಾಸಿಗಳೇ, ನಾಲ್ಕೂ ಕ್ಯಾಮೆರಾಗಳು ಏಕಕಾಲದಲ್ಲಿ ನಿಷ್ಕ್ರಿಯಗೊಂಡಿರುವುದು ಕಾಕತಾಳೀಯವಲ್ಲ. ಏಣಿ ಯಾರ ವಶದಲ್ಲಿದೆ ಎಂಬುದನ್ನು ತಾವೇ ಆಲೋಚಿಸಿ. ಹೊಸ ಕಾವಲುಗಾರರ ನೇಮಕದ ಬಗ್ಗೆ ಭಾನುವಾರ ತೀರ್ಮಾನಿಸೋಣ."

ಯಾರೋ ಅದನ್ನು ಮಹದೇವಪ್ಪನವರಿಗೆ ಓದಿ ಹೇಳಿದ್ದರು. ಅವರು ನಮ್ಮ ಮನೆ ಬಾಗಿಲ ಹತ್ತಿರ ಬಂದು ನಿಂತರು. "ಸಾರ್, ಆವತ್ತು ಪೂಜೆ ದಿನ ನೀವು..."

"ಏನಿದ್ರೂ ಮೀಟಿಂಗಲ್ಲಿ ಹೇಳಪ್ಪಾ," ಎಂದು ಬಾಗಿಲು ಹಾಕಿಕೊಂಡೆ.

ಎರಡು ದಿನ ಅವರ ಹೆಂಡತಿ ಮೆಟ್ಟಿಲು ಒರೆಸುವಾಗ ಗಿರಿಜೆಯ ಮುಖ ನೋಡಲಿಲ್ಲ. "ಪಾಪ ಕಣ್ರೀ, ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾರೆ?" ಎಂದಳು ಗಿರಿಜೆ. "ನ್ಯಾಯದ ಮುಂದೆ ಪಾಪ ಗೀಪ ನೋಡಕ್ಕಾಗಲ್ಲ," ಎಂದೆ. ಅಯ್ಯೋ ನನ್ನ ಬಾಯೇ!

ಭಾನುವಾರ ಹತ್ತು ಗಂಟೆಗೆ ರಂಗೇಗೌಡರ ಹಾಲಿನಲ್ಲಿ ಎಂಟೂ ಮನೆಯವರು ಸೇರಿದರು. ಮಹದೇವಪ್ಪ ಟವೆಲ್ಲನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದರು. ಕ್ಯಾಮೆರಾ ಹಾಕಿದ್ದ ಸಲೀಂ ಬಂದು, ನನ್ನ ಪಾಸ್‌ವರ್ಡಿನ ಬೀಗವನ್ನು ಹೇಗೋ ಬಿಡಿಸಿ, ರೆಕಾರ್ಡರನ್ನು ಗೌಡರ ದೊಡ್ಡ ಟಿ.ವಿ.ಗೆ ಜೋಡಿಸಿದ.

"ಸಾರ್, ಹಳೇ ರೆಕಾರ್ಡಿಂಗ್ ಎಲ್ಲಾ ಸೇಫಾಗಿದೆ. ಲಾಸ್ಟ್ ಯಾವಾಗ ಕ್ಲಿಯರ್ ಇತ್ತೋ ಅಲ್ಲಿಂದ ನೋಡಣ?"

"ನೋಡಿ, ಅಪರಾಧಿ ಸಿಕ್ಕೇ ಸಿಗ್ತಾನೆ!" ಎಂದೆ ಗಟ್ಟಿಯಾಗಿ.

ಸಿಕ್ಕ.

ಟಿ.ವಿ.ಯಲ್ಲಿ ಗೇಟು, ನಾಯಿ, ಬೀದಿ ಎಲ್ಲವೂ ಸ್ಪಷ್ಟ. ಕೆಳಗಿನಿಂದ ಒಂದು ಬೋಳುತಲೆ ಮೆಲ್ಲಗೆ ಮೇಲೇರಿತು. ಅದರ ಹಿಂದೆ ಹಣೆ, ಆಮೇಲೆ ಎರಡು ಮೂಗಿನ ಹೊಳ್ಳೆಗಳು. ಹೊಳ್ಳೆಗಳೇ ಅರ್ಧ ಟಿ.ವಿ. ತುಂಬಿದವು. "ಓಂ ನಮಃ ಶಿವಾಯ" ಎಂಬ ನನ್ನ ಧ್ವನಿ ಹಾಲಿನಲ್ಲಿ ಮೊಳಗಿತು. ಮೂರು ಬೆರಳುಗಳು ನೇರವಾಗಿ ನಮ್ಮತ್ತ ಬಂದು, ಎಡದಿಂದ ಬಲಕ್ಕೆ ಎಳೆದವು. ಟಿ.ವಿ. ಬೆಳ್ಳಗಾಯಿತು. ಇನ್ನೊಂದು ಬೆರಳು ಕುಂಕುಮದೊಂದಿಗೆ ಬಂತು. ನಡುವೆ ಕೆಂಪಾಯಿತು.

ದಾವಣಗೆರೆ ಕಡೆಯ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಈಳಿಗೆಮಣೆಯಿಂದ ಹಿಡಿದು ಎಲ್ಲದಕ್ಕೂ ವಿಭೂತಿ ಹಚ್ಚುವುದು ಪದ್ಧತಿ. ಅವತ್ತು ಮಿಕ್ಸಿ, ಸ್ಕೂಟರ್, ಗೀಸರ್, ಇಸ್ತ್ರಿಪೆಟ್ಟಿಗೆ, ನೀರೆತ್ತುವ ಮೋಟಾರು ಎಲ್ಲ ಮುಗಿಸಿ ಕ್ಯಾಮೆರಾ ಹತ್ತಿರ ಬರುವಷ್ಟರಲ್ಲಿ ನನ್ನ ಕೈ ತಾನಾಗಿ ಓಡುತ್ತಿತ್ತು. ತಲೆ ಯಾವಾಗಲೋ ರಜೆ ಹಾಕಿತ್ತು.

ಅಷ್ಟಕ್ಕೇ ಮುಗಿಯಬಾರದಿತ್ತೇ? ಹಾಳು ಕ್ಯಾಮೆರಾಕ್ಕೆ ಕಿವಿಯೂ ಇತ್ತು! ಮಂಜಿನೊಳಗಿನಿಂದ ಮಾತು ಕೇಳಿಬಂತು.

"ಸಾರ್, ಗಾಜಿನ ಮೇಲೆ ಬ್ಯಾಡಿ ಸಾರ್, ಕಾಣಕ್ಕಿಲ್ಲ. ಮೇಲ್ಗಡೆ ಹಚ್ಚಿ."

"ಹಣೆ ಮುಂದ್ಗಡೆ ತಾನೇ ಇರೋದು ಮಹದೇವಪ್ಪಾ? ಪೂಜೆ ನಂಗೆ ಹೇಳ್ಕೊಡ್ತೀಯಾ? ಸುಮ್ನೆ ಏಣಿ ಹಿಡ್ಕೋ!"

ವಾಣಿ ಸೋಫಾದ ಮೇಲೆ ಉರುಳಿಬಿದ್ದು ನಗುತ್ತಿದ್ದರು. ಗಿರಿಜೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಇನ್ನೂ ಮೂರು ಕ್ಯಾಮೆರಾ ಇದೆ ಸಾರ್, ಹಾಕ್ಲಾ?" ಎಂದ ಸಲೀಂ. "ಹಾಕಪ್ಪಾ," ಎಂದರು ಗೌಡರು, ಇಂಟರ್‌ಕಾಮಿನ ಸೇಡು ತೀರಿಸಿಕೊಳ್ಳುವಂತೆ. ಇನ್ನೂ ಮೂರು ಸಲ ಹೊಳ್ಳೆಗಳು ಬಂದುಹೋದವು.

ಎಲ್ಲರೂ ನಕ್ಕರು. ಮಹದೇವಪ್ಪ ನಗಲಿಲ್ಲ. ನನ್ನನ್ನು ಚುಚ್ಚಿದ್ದು ಅದೊಂದೇ.

ಎದ್ದು ಅವರ ಮುಂದೆ ನಿಂತು, "ತಪ್ಪಾಯ್ತು," ಎಂದೆ.

"ಆಯ್ತು ಸಾರ್," ಎಂದರು ಅವರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಅದೇ ಗ್ರೂಪಲ್ಲೇ ಹಾಕ್ಬಿಡಿ ಸಾರ್. ಅಲ್ಲೇ ತಾನೇ ನನ್ ಹೆಸ್ರು ಕೆಟ್ಟಿದ್ದು."

ಮೊಬೈಲ್ ತೆಗೆದು ಬರೆಯತೊಡಗಿದೆ: "ಆತ್ಮೀಯ ನಿವಾಸಿಗಳೇ, ಅನಿವಾರ್ಯ ತಾಂತ್ರಿಕ ಕಾರಣಗಳಿಂದ ಉಂಟಾದ ಅಡಚಣೆಯ ಸಂಬಂಧ..."

ಗಿರಿಜೆ ಹಿಂದಿನಿಂದ ಬಗ್ಗಿ ಓದಿ, ಮೊಬೈಲ್ ಕಿತ್ತುಕೊಂಡು ಅಷ್ಟನ್ನೂ ಅಳಿಸಿದಳು. "ಯಾರು ಹಚ್ಚಿದ್ದು ಅಂತ ಬರೀರಿ."

ಬರೆದೆ. "ಕ್ಯಾಮೆರಾಗಳಿಗೆ ವಿಭೂತಿ ಹಚ್ಚಿದ್ದು ನಾನು. ಮಹದೇವಪ್ಪನವರು ಬೇಡ ಅಂದಿದ್ದರು. ನಾನು ಕೇಳಲಿಲ್ಲ. ಅವರ ಮೇಲೆ ನಾನು ಹೊರಿಸಿದ್ದು ಸುಳ್ಳು ಆರೋಪ."

ಮಹದೇವಪ್ಪ ಅದನ್ನು ವಾಣಿಯಿಂದ ಎರಡು ಸಲ ಓದಿಸಿಕೊಂಡು ಕೇಳಿ, ಏಣಿ ತರಲು ಹೊರಗೆ ಹೋದರು. ಅಷ್ಟರಲ್ಲಿ ನನ್ನ ಸಂದೇಶದ ಕೆಳಗೆ ಹೆಬ್ಬೆಟ್ಟಿನ ಲೈಕುಗಳು ಬೀಳತೊಡಗಿದವು. ಮೊದಲನೆಯದು ನನ್ನ ಹೆಂಡತಿಯದು!