ಸೇತುವೆ ಬಳಿಯ ಮ್ಯಾಗ್ಪೈ ಹಕ್ಕಿ ಮಹಾಶಯರಿಗೆ, ತೂಕ ಇಳಿಸುತ್ತಿರುವ ಕಟುಕನ ದೂರು

ಮಾನ್ಯರೇ,

ತಮಗೂ, ತಮ್ಮ ಧರ್ಮಪತ್ನಿಯವರಿಗೂ, ಈ ವರ್ಷ ಮೊಟ್ಟೆಯೊಡೆದು ಹೊರಬಂದ ಮಕ್ಕಳಿಗೂ ವಿಮ್ಮೆರಾ ನದಿಯ ಆಚೆ ದಡದಿಂದ ನನ್ನ ಗೌರವಪೂರ್ವಕ ವಂದನೆಗಳು. ಕಾಲುಸೇತುವೆಯ ಪಕ್ಕದ ಹಳೇ ನೀಲಗಿರಿ ಮರದ ಮೇಲಂತಸ್ತಿನಲ್ಲಿ, ಕಪ್ಪು ಕೋಟಿನ ಮೇಲೆ ಬಿಳಿ ಶಲ್ಯ ಹೊದ್ದ ನ್ಯಾಯಾಧೀಶರಂತೆ ಕುಳಿತು ಇಡೀ ಊರಿನ ನೆತ್ತಿಗಳನ್ನು ವಿಚಾರಿಸಿಕೊಳ್ಳುತ್ತಿರುವ ತಮಗೆ ಬಿಡುವು ಕಡಿಮೆ ಎಂದು ಬಲ್ಲೆ. ಈ ಪತ್ರದ ಒಂದು ಪ್ರತಿಯನ್ನು ತಮ್ಮ ಮರಕ್ಕೆ ಹಗ್ಗದಿಂದ ಕಟ್ಟಿದ್ದೇನೆ, ಇನ್ನೊಂದನ್ನು ಊರಿನ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಓದಲು ಬರುವುದಿಲ್ಲವೆಂಬ ನೆಪ ಮಾತ್ರ ದಯವಿಟ್ಟು ಹೇಳಬೇಡಿ. ಅಂಚೆಯವನ ಮುಖ, ಪಾದ್ರಿಗಳ ಮುಖ, ನನ್ನ ಮುಖ ಎಲ್ಲವನ್ನೂ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವವರಿಗೆ ಅಕ್ಷರ ಯಾವ ಮಹಾ.

ನಾನು ಲೆಸ್ಟರ್ ಶುಲ್ಟ್ಸ್, ಹಾರ್ಶಮ್ ಊರಿನಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಮಾಂಸದಂಗಡಿಯವನು. ಭಾನುವಾರದ ಕುರಿತೊಡೆಯಾಗಲಿ, ಶುಕ್ರವಾರ ಸಂಜೆ ಕ್ಲಬ್ಬಿನ ಲಾಟರಿಯಲ್ಲಿ ಬಹುಮಾನವಾಗಿ ಇಡುವ ಮಾಂಸದ ತಟ್ಟೆಯಾಗಲಿ ನನ್ನ ಕೈ ದಾಟದೆ ಯಾರ ಮನೆಗೂ ಹೋಗುವುದಿಲ್ಲ, ದಾಟಿಸುವ ಮುನ್ನ ಸಾಸೇಜಿನ ಉಪ್ಪುಖಾರ ಪರೀಕ್ಷಿಸದೆ ಬಿಡುವ ಬೇಜವಾಬ್ದಾರಿ ಮನುಷ್ಯನೂ ನಾನಲ್ಲ. ಈ ಜವಾಬ್ದಾರಿಯ ಫಲವಾಗಿ ನನ್ನ ಸುತ್ತಳತೆ ಎಷ್ಟಾಗಿತ್ತೆಂಬುದು, ಇಷ್ಟು ವರ್ಷ ಮೇಲಿನಿಂದ ನೋಡಿದ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮಿಬ್ಬರ ಹಳೆಯ ಸ್ನೇಹವನ್ನು ನೆನಪಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಪ್ರತಿ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವ ಮುಂಚೆ ತಾವು ನಮ್ಮ ವರಾಂಡದ ಕಟಾಂಜನದ ಮೇಲೆ ಬಂದು ಕೂರುತ್ತಿದ್ದಿರಿ, ನಾನು ಒಂದು ಚಿಟಿಕೆ ಖೀಮಾ ಇಡುತ್ತಿದ್ದೆ, ತಾವು ತಿಂದು, ಕೊಕ್ಕು ಒರೆಸಿಕೊಂಡು, ಗಂಟಲು ಬಿಚ್ಚಿ ಹಾಡುತ್ತಿದ್ದಿರಿ. ಒಳ್ಳೆಯ ಕುರಿಯ ಖೀಮಾ ಅದು, ಕೊಬ್ಬು ತೆಗೆದದ್ದು. ಹಾಗೆ ತೆಗೆದ ಕೊಬ್ಬು ಎಲ್ಲಿಗೆ ಹೋಗುತ್ತಿತ್ತು ಎಂಬುದು ಇಲ್ಲಿ ಅಪ್ರಸ್ತುತ. ವಸಂತ ಬಂದು ಗೂಡು ಕಟ್ಟಿದ ಮೇಲೆ ತಾವು ಊರವರೆಲ್ಲರ ಮೇಲೆ ಎರಗುತ್ತಿದ್ದರೂ ನನ್ನೊಬ್ಬನನ್ನು ಬಿಡುತ್ತಿದ್ದಿರಿ. ಪಕ್ಕದ ಮನೆಯ ಕೀತ್ ಛತ್ರಿ ಹಿಡಿದು ಓಡುವಾಗ ನಾನು ಕೈ ಬೀಸಿಕೊಂಡು ಸೇತುವೆ ದಾಟುತ್ತಿದ್ದೆ.

ಆಮೇಲೆ ನನ್ನ ತಂಗಿ ಮರ್ಲೀನಳ ಎರಡೂ ಕಿಡ್ನಿಗಳು ಕೈಕೊಟ್ಟವು. ಹಿಂದಿನ ಬೀದಿಯಲ್ಲಿ ಕೈತೋಟದ ಕೆಂಪು ಕೊಳವೆ ಹಿಡಿದುಕೊಂಡು ಗುಲಾಬಿಗೆ ನೀರು ಹಾಕುತ್ತಿದ್ದವಳು ಅವಳೇ. ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ತೋಳು ಒಪ್ಪಿಸಿ ಮಲಗುತ್ತಾಳೆ, ಬಾಯಾರಿದರೆ ನೀರು ಕುಡಿಯುವಂತಿಲ್ಲ, ಐಸಿನ ತುಂಡು ಚೀಪುತ್ತಾಳೆ. ನನ್ನ ರಕ್ತ ಅವಳಿಗೆ ಹೊಂದಿತು, ನನ್ನ ಕಿಡ್ನಿಯೂ ಹೊಂದುತ್ತದೆ ಎಂದರು. ಹೊಂದದಿದ್ದದ್ದು ನನ್ನ ಹೊಟ್ಟೆ ಒಂದೇ. ತೊಂಬತ್ತೈದು ಕಿಲೋಗೆ ಇಳಿಯದೆ ನನ್ನನ್ನು ಶಸ್ತ್ರಚಿಕಿತ್ಸೆಯ ಮೇಜಿನ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲವೆಂದು ಮೆಲ್ಬರ್ನಿನ ವೈದ್ಯರು ಖಂಡಿತವಾಗಿ ಹೇಳಿದರು. ನನಗೆ ಭಯವಾಯಿತು, ಮಾನ್ಯರೇ. ಒಂದು ತುಂಡು ಕಡಿಮೆ ತಿನ್ನಲಾರದ್ದಕ್ಕೆ ತಂಗಿಯನ್ನು ಕಳೆದುಕೊಂಡ ಕಟುಕ ಎಂದು ನಾಳೆ ನನ್ನ ಗೋರಿಕಲ್ಲಿನ ಮೇಲೆ ಬರೆಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಹೀಗೆ ತೂಕ ಇಳಿಸುವ ಡಬ್ಬಿ ಊಟ ನಮ್ಮ ಮನೆಗೆ ಕಾಲಿಟ್ಟಿತು. ಪ್ರತಿ ಮಂಗಳವಾರ ಒಂದು ಥರ್ಮಾಕೋಲ್ ಪೆಟ್ಟಿಗೆ ಬಾಗಿಲಿಗೆ ಬರುತ್ತದೆ. ಅದರೊಳಗೆ ಒಂದು ವಾರದ ಬೆಳಗು, ಮಧ್ಯಾಹ್ನ, ರಾತ್ರಿಗಳು ಹೆಪ್ಪುಗಟ್ಟಿ ಇಟ್ಟಿಗೆಯ ಹಾಗೆ ಜೋಡಿಸಲ್ಪಟ್ಟಿರುತ್ತವೆ. ಅರ್ಧ ಕುರಿ ಮಲಗುತ್ತಿದ್ದ ನನ್ನ ಫ್ರೀಜರಿನಲ್ಲಿ ಈಗ ಇವು ಮಲಗುತ್ತವೆ. ಮುಚ್ಚಳದ ಮೇಲಿನ ಚಿತ್ರ ನೋಡಿದರೆ ಮದುವೆಯೂಟ, ತೆರೆದರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 'ಕುರಿಮಾಂಸದ ಹಳ್ಳಿ ಶೈಲಿ' ಎಂದು ಬರೆದ ಡಬ್ಬಿಯಲ್ಲಿ ಕುರಿಯ ಸುಳಿವಿಗಾಗಿ ನಲವತ್ತು ವರ್ಷ ಚಾಕು ಹಿಡಿದ ಕೈಯಿಂದಲೇ ಶೋಧಿಸಿದೆ. ಸಿಕ್ಕ ತುಂಡನ್ನು ನೋಡಿದರೆ ಅದು ಕುರಿಯ ಯಾವ ಭಾಗವೆಂದು ಹೇಳುವುದು ನನ್ನಿಂದಲೂ ಆಗಲಿಲ್ಲ. ಮಿಕ್ಕಿದ್ದೆಲ್ಲ ಕುಂಬಳಕಾಯಿ.

ಆದರೂ ಗುಣ ಕಂಡಿತು, ಸುಳ್ಳು ಹೇಳಲಾರೆ. ನನ್ನ ಹೆಂಡತಿ ಗ್ಲೆನಿಸ್ ಮಾಡಿದ ಕಾನೂನು ಒಂದೇ: ಮನೆಯ ಹೊಸ್ತಿಲು ದಾಟಿ ಹಸಿ ಮಾಂಸ ಒಳಗೆ ಬರಕೂಡದು, ಏಕೆಂದರೆ ಪಕ್ಷಿಗೆಂದು ಬಂದ ಖೀಮಾ ದಾರಿಯಲ್ಲಿ ಈರುಳ್ಳಿಯನ್ನು ಸಂಧಿಸಿ ಬಾಣಲೆಗೆ ಬೀಳುವುದನ್ನು ಆಕೆ ಹಲವು ಸಲ ಕಣ್ಣಾರೆ ಕಂಡಿದ್ದಳು. ತಮ್ಮ ಪಾಲು ನಿಂತದ್ದು ಹೀಗೆ, ನನ್ನ ದುರುದ್ದೇಶದಿಂದಲ್ಲ. ತಮಗೆ ಅನ್ಯಾಯವಾಗಬಾರದೆಂದು ಡಬ್ಬಿಯಿಂದ ಒಂದು ಚಮಚ ಬೇಳೆ ಖೀಮಾ ತೆಗೆದು, ಬೆಚ್ಚಗೆ ಮಾಡಿ, ಕಟಾಂಜನದ ಮೇಲೆ ಇಟ್ಟೆ. ತಾವು ಒಂದು ಕಣ್ಣಿನಿಂದ ನೋಡಿದಿರಿ, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿದಿರಿ, ಕೊಕ್ಕಿನಲ್ಲಿ ಎತ್ತಿ ಗ್ಲೆನಿಸ್ ಒಣಹಾಕಿದ್ದ ಬಟ್ಟೆಯ ಮೇಲೆ ಎಸೆದು ಹಾರಿಹೋದಿರಿ. ಕಟುಕನ ಮನೆಯಲ್ಲಿ ಬೇಳೆ ಬಡಿಸಿದ್ದು ಅಪಮಾನವೆಂದು ತಾವು ಭಾವಿಸಿದ್ದು ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ಭಾವನೆ.

ಆದರೆ ಅದಕ್ಕೆ ಪ್ರತಿಯಾಗಿ ಉಂಡ ಮನೆಗೆ ಎರಡು ಬಗೆಯುವುದೇ? ಊಟ ಮಾತ್ರ ಸಾಲದು, ಬಗೆಬಗೆಯ ವ್ಯಾಯಾಮವೂ ಬೇಕು, ಒಂದನ್ನೇ ಮಾಡಿದರೆ ದೇಹ ಜಾಣತನ ಕಲಿತು ಕುಳಿತುಬಿಡುತ್ತದೆ ಎಂದು ವ್ಯಾಯಾಮ ಹೇಳಿಕೊಡುವ ಹುಡುಗಿ ಹೇಳಿದ್ದಳು. ಅವಳ ಮಾತಿನಂತೆ ಸೋಮವಾರ ಈಜುಕೊಳದಲ್ಲಿ ಊರಿನ ಅಜ್ಜಿಯರ ಜೊತೆ ಕುತ್ತಿಗೆವರೆಗಿನ ನೀರಿನಲ್ಲಿ ಕುಣಿದೆ, ಮರುದಿನ ಚರ್ಚಿನ ಸಭಾಂಗಣದಲ್ಲಿ ಸಾಲು ನೃತ್ಯ ಮಾಡಿ ಪಾದ್ರಿಗಳ ಕಾಲು ತುಳಿದೆ, ಕಬ್ಬಿಣ ಎತ್ತಿದೆ, ಸೈಕಲ್ ತುಳಿದೆ. ಎಲ್ಲ ಸಹಿಸಿದೆ. ಗೂಡಿನ ಕಾಲ ಶುರುವಾದ ಆಗಸ್ಟಿನ ಒಂದು ಬೆಳಿಗ್ಗೆ ಕೈ ಬೀಸಿಕೊಂಡು ಸೇತುವೆ ಮೇಲೆ ನಡೆಯುತ್ತಿದ್ದಾಗ, ಹಿಂದಿನಿಂದ ರೆಕ್ಕೆಯ ಸದ್ದು ಕೇಳಿಸಿ ತಿರುಗುವಷ್ಟರಲ್ಲಿ, ತಾವು ನನ್ನ ಬೋಳುತಲೆಗೆ ಟಣ್ಣೆಂದು ಕುಕ್ಕಿದಿರಿ. ಕಾಲಿಗೆ ಬುದ್ಧಿ ಹೇಳಿದೆ. ಕೀತ್ ತನ್ನ ಛತ್ರಿಯನ್ನು ಮಡಚಿ, ಬೇಲಿಗೆ ಒರಗಿ, ಆ ದೃಶ್ಯವನ್ನು ಸಾವಕಾಶವಾಗಿ ಸವಿದ.

ತಮ್ಮಂಥವರಿಂದ ತಲೆ ಕಾಪಾಡಿಕೊಳ್ಳಲು ನಮ್ಮ ಊರಿನಲ್ಲಿ ಒಂದು ಸಂಪ್ರದಾಯವಿದೆ: ಐಸ್‌ಕ್ರೀಮಿನ ದೊಡ್ಡ ಡಬ್ಬಿಗೆ ಹಿಂಬದಿ ಎರಡು ದಪ್ಪ ಕಣ್ಣು ಬರೆದು ಟೊಪ್ಪಿಗೆಯಂತೆ ಕವುಚಿಕೊಳ್ಳುವುದು, ತಮ್ಮತ್ತ ನೋಡುತ್ತಿರುವವರ ಮೇಲೆ ತಾವು ಎರಗುವುದಿಲ್ಲವಂತೆ. ಶಾಲೆಯ ಮಕ್ಕಳಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರೂ ಮಾಡುತ್ತಾರೆ, ಯಾರೂ ನಗುವುದಿಲ್ಲ. ಆದರೆ ಡಬ್ಬಿ ಖಾಲಿ ಇರಬೇಕಲ್ಲ. ಡಬ್ಬಿ ಊಟದ ಮನೆಯಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬಿ ಎಲ್ಲಿಂದ ಬರಬೇಕು? ಆದ್ದರಿಂದ, ಶುದ್ಧ ಆತ್ಮರಕ್ಷಣೆಯ ಉದ್ದೇಶದಿಂದ, ನಾಲ್ಕು ಲೀಟರಿನ ವೆನಿಲಾ ಕೊಂಡು ತಂದು ಗರಾಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಕುಳಿತೆ. ಚೆಲ್ಲಬಹುದಿತ್ತಲ್ಲ ಎಂದು ಆಮೇಲೆ ಹಲವರು ಕೇಳಿದರು. ಅನ್ನ ಚೆಲ್ಲುವ ಮನೆತನ ನಮ್ಮದಲ್ಲ.

ಡಬ್ಬಿಯ ತಳ ಕಾಣುವ ಹೊತ್ತಿಗೆ ಗ್ಲೆನಿಸ್ ಬಾಗಿಲಲ್ಲಿ ನಿಂತಿದ್ದಳು. ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿದಳು.

"ಟೊಪ್ಪಿಗೆ ಮಾಡ್ತಾ ಇದ್ದೀನಿ," ಎಂದೆ.

"ಹೂಂ, ಗದ್ದಕ್ಕೂ ಒಂದು ಮಾಡ್ಕೊಂಡಿದ್ದೀರಲ್ಲ, ಒರೆಸ್ಕೊಳ್ಳಿ," ಎಂದು ಒಳಗೆ ಹೋದಳು.

ಆ ಟೊಪ್ಪಿಗೆಯ ಬೆಲೆ ಆ ವಾರದ ತೂಕದ ದಿನ ಗೊತ್ತಾಯಿತು. ಇಳಿಯುತ್ತಿದ್ದ ಮುಳ್ಳು ಮೇಲೆ ಹತ್ತಿತ್ತು; ಕಸಿಯ ವ್ಯವಸ್ಥೆ ನೋಡಿಕೊಳ್ಳುವ ದಾದಿ ಫೋನಿನಲ್ಲಿ, ಅಕ್ಟೋಬರ್ ಕೊನೆಯೊಳಗೆ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಗೆ ನಿಗದಿಯಾದ ದಿನ ಕೈತಪ್ಪುತ್ತದೆ, ಮುಂದಿನದು ಯಾವಾಗೆಂದು ಹೇಳಲಾಗದು ಎಂದು ಬಹಳ ಮೃದುವಾಗಿ ಹೇಳಿದಳು. ಅವಳು ಗದರಿದ್ದರೆ ವಾಸಿಯಿತ್ತು. ಮರ್ಲೀನಳ ಮುಖ ನೋಡುವ ಧೈರ್ಯವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತು, ಪಕ್ಷಿಯಿಂದ ಹಿಡಿದು ವೆನಿಲಾದವರೆಗೆ ಎಲ್ಲ ಹೇಳಿ, ನನ್ನಿಂದ ಆಗುವುದಿಲ್ಲ ಕಣೇ ಎಂದೆ. ಅವಳು ಐಸಿನ ತುಂಡನ್ನು ಬಾಯಿಯಲ್ಲಿ ಈ ಕಡೆಯಿಂದ ಆ ಕಡೆಗೆ ಸರಿಸಿದಳು.

"ನನ್ನ ಕಿಡ್ನಿಗೆ ವೆನಿಲಾ ತಿನ್ನಿಸಿದ್ಯಾ? ನನಗೆ ಚಾಕ್ಲೇಟ್ ಇಷ್ಟ ಅಂತ ಗೊತ್ತಿಲ್ವಾ ನಿಂಗೆ," ಎಂದಳು. ನಾನು ಅಳುವುದನ್ನು ನೋಡಿ, "ಲೋ ಅಣ್ಣ, ಆ ಹಕ್ಕಿ ನಿನ್ನ ಮೇಲೆ ಬಿದ್ದಿದ್ದು ಖೀಮಾಗಲ್ಲ. ನೀನು ಯಾರು ಅಂತ್ಲೇ ಅದಕ್ಕೆ ಗೊತ್ತಾಗ್ಲಿಲ್ಲ. ಅಷ್ಟು ಇಳಿದಿದ್ದೀಯ ನೀನು," ಎಂದಳು.

ಮಾನ್ಯರೇ, ಅಂದಿನಿಂದ ತಮ್ಮ ಬಗ್ಗೆ ನನ್ನ ಅಭಿಪ್ರಾಯವೇ ಬದಲಾಯಿತು. ವ್ಯಾಯಾಮ ಹೇಳಿಕೊಡುವ ಹುಡುಗಿ ನಡುನಡುವೆ ಜೋರಾಗಿ ಓಡಿ ಎಂದು ಹೇಳಿ ಸೋತಿದ್ದಳು. ತಾವು ಒಂದು ಮಾತೂ ಆಡದೆ ಓಡಿಸಿದಿರಿ. ಬಗ್ಗುವುದು, ಏಳುವುದು, ಎರಡೂ ತೋಳನ್ನು ತಲೆಯ ಮೇಲೆ ಬೀಸುವುದು, ಬೇಲಿ ಹಾರುವುದು, ಇಷ್ಟು ಬಗೆಯ ಕಸರತ್ತನ್ನು ಒಂದೇ ಸೇತುವೆಯ ಮೇಲೆ, ಶುಲ್ಕವಿಲ್ಲದೆ ಮಾಡಿಸಬಲ್ಲ ಗುರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಟೊಪ್ಪಿಗೆಯನ್ನು ಕೀತ್‌ಗೆ ದಾನ ಮಾಡಿ, ಬೋಳುತಲೆಯಲ್ಲೇ ದಿನವೂ ತಮ್ಮ ಸನ್ನಿಧಿಗೆ ಬಂದೆ. ಎಡಗಿವಿಯನ್ನು ಬಿಟ್ಟು ಬಲಗಿವಿಗೂ ಸಮಾನ ಅವಕಾಶ ಕೊಡಬೇಕು, ಸೇತುವೆಯ ಏರಿನಲ್ಲಿ ಇನ್ನಷ್ಟು ಮುತುವರ್ಜಿ ವಹಿಸಬೇಕು, ಮಳೆಯಿದ್ದರೆ ಹಿಂದಿನ ದಿನವೇ ತಿಳಿಸಬೇಕು ಎಂದು ವಿನಂತಿಸಿಕೊಳ್ಳುವ ಮನಸ್ಸಿತ್ತು, ಓಡುತ್ತಿದ್ದುದರಿಂದ ಆಗಲಿಲ್ಲ. ಮುಳ್ಳು ಮತ್ತೆ ಇಳಿಯತೊಡಗಿತು.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಅಕ್ಟೋಬರಿನ ಕೊನೆಯ ವಾರ, ಇನ್ನು ಒಂದು ಕಿಲೋ ಚಿಲ್ಲರೆ ಉಳಿದಿದ್ದಾಗ, ಪ್ರಪಂಚದಲ್ಲಿ ತಮ್ಮ ಅಗತ್ಯ ನನಗೆ ಎಲ್ಲಕ್ಕಿಂತ ಹೆಚ್ಚಾಗಿದ್ದಾಗ, ತಾವು ಬರಲಿಲ್ಲ. ಮಕ್ಕಳು ಗೂಡಿನಿಂದ ಇಳಿದಿದ್ದರಂತೆ, ತಮ್ಮ ಕೋಪದ ಕಾಲ ಮುಗಿದಿತ್ತಂತೆ. ನಾನು ಮರದ ಕೆಳಗೆ ನಿಂತು ತಲೆ ಬಗ್ಗಿಸಿ ತೋರಿಸಿದೆ, ಕೈ ಬೀಸಿದೆ, ತಮ್ಮ ಮಕ್ಕಳನ್ನು ದುರುಗುಟ್ಟಿ ನೋಡಿದೆ, ಕೊನೆಗೆ ತಮ್ಮ ಮನೆತನದ ಬಗ್ಗೆ ನಾಲ್ಕು ಕೆಟ್ಟ ಮಾತನ್ನೂ ಆಡಿದೆ. ತಾವು ಕೊಂಬೆಯ ಮೇಲೆ ಕುಳಿತು ಹಾಡಿದಿರಿ. ಕೈಯಲ್ಲಿ ಹಿಡಿದ ಕೆಲಸವನ್ನು ಹೀಗೆ ಅರ್ಧಕ್ಕೆ ಬಿಡುವುದು ದೊಡ್ಡವರ ಲಕ್ಷಣವೇ?

ಬೇರೆ ದಾರಿ ಕಾಣದೆ, ಹಿಂದೆ ಯಾರೂ ಇಲ್ಲದಿದ್ದರೂ ಇದ್ದಂತೆ ಓಡಿದೆ. ಇಡೀ ವಾರ ಎರಡೂ ಕೈ ತಲೆಯ ಮೇಲೆ ಹಿಡಿದು, ಒಬ್ಬನೇ ಕೂಗಿಕೊಂಡು, ಸೇತುವೆಯ ಈ ತುದಿಯಿಂದ ಆ ತುದಿಗೆ ಓಡುವ ಕಟುಕನನ್ನು ಊರು ನೋಡಿತು. ಮೊದಮೊದಲು ಕೀತ್ ನಕ್ಕ. ಮೂರನೆಯ ಬೆಳಿಗ್ಗೆ ಅವನು ತನ್ನ ಛತ್ರಿಯನ್ನು ಬಿಚ್ಚಿ, ರೆಕ್ಕೆಯಂತೆ ಪಟಪಟ ಬಡಿಯುತ್ತ, ಅದರ ತುದಿಯಿಂದ ನನ್ನ ಬೆನ್ನಿಗೆ ತಿವಿಯುತ್ತ ನನ್ನ ಹಿಂದೆಯೇ ಓಡತೊಡಗಿದ. ತೂಕದ ದಿನ ನಾನು ಬೆಲ್ಟು, ಬೂಟು, ವಾಚು, ಕೊನೆಗೆ ಮದುವೆಯ ಉಂಗುರವನ್ನೂ ತೆಗೆದು ಯಂತ್ರದ ಮೇಲೆ ನಿಂತೆ. ಮುಳ್ಳು ತೊಂಬತ್ತೈದು ದಾಟಲಿಲ್ಲ, ಉಂಗುರ ತೆಗೆಯುವ ಅಗತ್ಯವಿರಲಿಲ್ಲ ಎಂದು ದಾದಿ ನಕ್ಕಳು. ಬಹಳ ವರ್ಷಗಳಲ್ಲಿ ಅದು ಬೆರಳಿನಿಂದ ಹೊರಬಂದದ್ದೂ ಅದೇ ಮೊದಲು.

ನವೆಂಬರಿನ ಕುದುರೆ ರೇಸಿನ ಕಪ್ ದಿನ ಕಳೆದ ಮರುವಾರ ನಮ್ಮಿಬ್ಬರನ್ನೂ ಮೆಲ್ಬರ್ನಿನಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಮಲಗಿಸುತ್ತಾರೆ. ನನ್ನ ಎಡಗಡೆಯ ಕಿಡ್ನಿ ಅವಳಿಗೆ. ಎಲ್ಲ ಸರಿಹೋದರೆ, ಸರಿಹೋಗಬೇಕು, ಬೇಸಿಗೆಯ ಹೊತ್ತಿಗೆ ಅವಳು ಕೊಳವೆ ಹಿಡಿದು ಗುಲಾಬಿಯ ಮುಂದೆ ನಿಂತಿರುತ್ತಾಳೆ, ಲೋಟ ತುಂಬ ನೀರು ಕುಡಿಯುತ್ತಾಳೆ. ಮೂರು ವರ್ಷದಿಂದ ಅವಳು ತಮ್ಮ ಸೇತುವೆಯವರೆಗೂ ನಡೆದಿಲ್ಲ, ಬೇಲಿಯವರೆಗೆ ಬಂದರೆ ಮರಳಿ ಕುರ್ಚಿ ಹುಡುಕುತ್ತಾಳೆ. ಆದ್ದರಿಂದ ತಮ್ಮಲ್ಲಿ ನನ್ನ ಕೊನೆಯ ವಿನಂತಿ ಇಷ್ಟೇ. ಮುಂದಿನ ವಸಂತದಲ್ಲಿ ನನ್ನ ಪಕ್ಕದಲ್ಲಿ ಬಿಳಿಕೂದಲಿನ ಹೆಂಗಸೊಬ್ಬಳು ಸೇತುವೆ ಮೇಲೆ ಬಂದರೆ, ನನ್ನನ್ನು ಬಿಡಿ. ಅವಳ ಮೇಲೆ ಎರಗಿ, ದಯಮಾಡಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎರಗಿ. ನನ್ನ ತಂಗಿ ಓಡುವುದನ್ನು ನಾನು ನೋಡಬೇಕು.

ತಮ್ಮ ಕೊಕ್ಕಿನ ಗುರುತನ್ನು ನೆತ್ತಿಯಲ್ಲಿ ಹೊತ್ತಿರುವ,
ತಮ್ಮ ವಿಶ್ವಾಸಿ,
ಲೆಸ್ಟರ್ ಶುಲ್ಟ್ಸ್

ತಾ.ಕ.: ಕಳಿಸುವ ಮುನ್ನ ಈ ಪತ್ರವನ್ನು ಮರ್ಲೀನಳಿಗೆ ಓದಿ ಹೇಳಿದೆ. "ನಾನ್ಯಾಕೋ ಓಡ್ಲಿ? ಕಿಡ್ನಿ ನಿಂದು, ಓಡಿ ಅಭ್ಯಾಸ ಇರೋದು ಅದಕ್ಕೆ. ನಾನು ಅಲ್ಲೇ ನಿಂತ್ಕೊಂಡು ಆ ಹಕ್ಕಿಗೆ ನಾಲ್ಕು ಮಾತು ಕೇಳ್ತೀನಿ," ಎಂದಿದ್ದಾಳೆ. ಅವಳ ನಾಲಿಗೆ ನನಗೆ ಐವತ್ತು ವರ್ಷದಿಂದ ಗೊತ್ತು. ಮರ ಬದಲಾಯಿಸುವ ಯೋಚನೆ ತಮಗಿದ್ದರೆ, ಇದು ಸಕಾಲ.