ಕುಂಟೆತ್ತಿನ ದಂಡಯಾತ್ರೆ

ಗಂಡಸು ಒಬ್ಬನೇ ಇದ್ದರೆ ಕೆಡುತ್ತಾನೆ ಎಂಬುದು ಹೆಂಗಸರು ಹಬ್ಬಿಸಿದ ಸುದ್ದಿ! ಇದನ್ನು ಸುಳ್ಳೆಂದು ಸಾಧಿಸಲು ರೋಣ ತಾಲೂಕಿನಲ್ಲಿ ಒಬ್ಬ ಧೀರ ಹುಟ್ಟಿಬರಬೇಕಾಗಿತ್ತು. ಅವನು ಹುಟ್ಟಿ ನಲವತ್ತೇಳು ವರ್ಷವಾಗಿ, ಮಾಮಲೇದಾರ ಕಚೇರಿಯಲ್ಲಿ ಹೆಡ್ ಕ್ಲಾರ್ಕನಾಗಿ ಕುಳಿತಿದ್ದ. ಆ ಧೀರನ ಹೆಸರು ಗುರುರಾಜ. ಅಂದರೆ ನಾನು.

ನಮ್ಮನ್ನಾಳುವವರು ಮುಂಬಯಿಯಿಂದ ಮೈಸೂರಿಗೆ ಬದಲಾದ ಮರುವರ್ಷದ ಮಾತು. ಯುಗಾದಿ ಮುಗಿದು ನಾಲ್ಕು ದಿನವೂ ಆಗಿರಲಿಲ್ಲ, ನರಗುಂದದಲ್ಲಿ ನನ್ನ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡರು. ನನ್ನ ಹೆಂಡತಿ ಲೀಲಾಬಾಯಿ ಟ್ರಂಕು ತುಂಬಿದಳು. ಮೋಟಾರು ಹತ್ತುವಾಗ ಅವಳ ಕಣ್ಣು ಒದ್ದೆಯಾದದ್ದನ್ನು ಕಂಡು ನನ್ನೊಳಗಿನ ಶೂರ ಎದ್ದು ನಿಂತ.

"ಎಂಟ ದಿನದಾಗ ಬಂದಬಿಡ್ತೀನಿ. ಅಲ್ಲೀತನಾ ನೀವು ಹ್ಯಾಂಗ ಇರ್ತೀರಿ?"

"ಎಂಟ ದಿನಾ ಯಾಕ, ಎಂಟ ತಿಂಗಳಾ ಇರು! ನನಗ ಪುರಸೊತ್ತ ಎಲ್ಲೆ ಅದ? ದೊಡ್ಡ ಕೆಲಸಾ ಹಿಡದೀನಿ."

"ಏನದು?"

"ದಂಡು ಕಟ್ಟತೀನಿ!"

"ಮದಲ ಆ ಧೋತರದ ಕಚ್ಚಿ ಕಟ್ಟಕೋರಿ. ಬಿಚ್ಚೇದ," ಎಂದಳು ಲೀಲಾಬಾಯಿ. ಕಂಡಕ್ಟರ್ ಲಕ್ಷ್ಮಪ್ಪ ಸೀಟಿ ಊದಿದ. ನಾನು ಕಚ್ಚೆ ಹಿಡಿದುಕೊಂಡೇ ಕೈ ಬೀಸಿದೆ.

ದಂಡು ಎಂದರೆ ಖರೇ ದಂಡಲ್ಲ, ಮಣ್ಣಿನದು. ಪಡಸಾಲೆಯ ಒಳಗೋಡೆಗೆ ಒತ್ತಿ ನರಗುಂದದ ಗುಡ್ಡ; ಗುಡ್ಡದ ನೆತ್ತಿಯ ಮೇಲೆ ಕೋಟೆ; ಕೋಟೆಗೆ ಲಗ್ಗೆ ಹಾಕಲು ಕೆಳಗಿನಿಂದ ಏರಿಬರುವ ಸೈನ್ಯ. ಕಾಲಾಳು, ಕುದುರೆ ಸವಾರರು, ಎತ್ತು ಹೂಡಿದ ಫಿರಂಗಿ ತೋಪುಗಳು! ದೀಪಾವಳಿಗೆ ಹುಡುಗರು ಅಂಗಳದಲ್ಲಿ ಕಟ್ಟುವ ಕಿಲ್ಲೆ ಇದಲ್ಲವೆಂದು ಮೊದಲೇ ಸಾರಿಬಿಡುತ್ತೇನೆ. ಇಲ್ಲಿ ಎಲ್ಲದಕ್ಕೂ ಅಳತೆಯುಂಟು. ಸಿಪಾಯಿ ನಾಲ್ಕು ಬೆರಳು ಎತ್ತರ. ಅವನಿಗೆ ತಕ್ಕ ಬಂದೂಕು, ಬಂದೂಕಿಗೆ ತಕ್ಕ ತೋಪು, ತೋಪಿಗೆ ತಕ್ಕ ಎತ್ತು. ಕಚೇರಿಯ ಫೂಟುಪಟ್ಟಿ ದಿನವೂ ಸಂಜೆ ನನ್ನ ಜೊತೆ ಮನೆಗೆ ಬಂದು, ಮುಂಜಾನೆ ನನ್ನ ಜೊತೆ ಕಚೇರಿಗೆ ಹೋಗುತ್ತಿತ್ತು. ಅಷ್ಟರಮಟ್ಟಿಗೆ ಮನೆಯಲ್ಲಿ ನಾವು ಇಬ್ಬರಿದ್ದೆವು.

ಮಣ್ಣು ಕೊಟ್ಟವನು ಎದುರು ಮನೆಯ ಅರಳೆ ವ್ಯಾಪಾರಿ ಕಳಕಪ್ಪ. ಅಸೂಟಿಯ ತನ್ನ ಹೊಲದಿಂದ ಒಂದು ಚೀಲ ಎರೆಮಣ್ಣು ತಂದು ಇಳಿಸಿದ. ಕೊಟ್ಟವನಿಗೆ ನೋಡುವ ಹಕ್ಕೂ ಉಂಟಲ್ಲ, ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದ.

"ಇದು ನರಗುಂದದ ಗುಡ್ಡ ಅಲ್ರಿ, ರಾಯರ?"

"ಹೌದು!" ಎಂದೆ ಹೆಮ್ಮೆಯಿಂದ. ಗುರುತು ಸಿಕ್ಕಿತಲ್ಲ!

"ಅಂದ್ರ ಬಾಯಾರ ತವರಮನಿ ಊರು?"

"ಅದೂ ಹೌದು."

"ಹೇಣ್ತೀನ ಕರಕೊಂಡ ಬರಾಕ ಇಷ್ಟ ತೋಪ ಯಾಕ್ರೀ? ಮೋಟಾರ ಚಾರ್ಜ ಭಾಳ ಕಡಿಮಿ ಐತಿ!"

ಅರಸಿಕರೊಡನೆ ಮಾತು ಬೆಳೆಸಬಾರದೆಂದು ನಾನು ಒಬ್ಬ ಸಿಪಾಯಿಯ ಮೂಗು ತಿದ್ದತೊಡಗಿದೆ.

ಹವ್ಯಾಸ ಹಿಡಿಯುವುದಕ್ಕೆ ಉತ್ಸಾಹ ಸಾಕು, ಬಿಡದೆ ನಡೆಸುವುದಕ್ಕೆ ಹಟಯೋಗಿಯೇ ಬೇಕು. ಮೊದಲ ವಾರ ಬೆರಳಲ್ಲಿ ಮಿಂಚಿತ್ತು. ಎರಡನೆಯ ವಾರ ಸಿಪಾಯಿಗಳ ಮೂಗು ಸಣ್ಣವಾದವು. ಮೂರನೆಯ ವಾರ ಮೂಗೇ ಇಲ್ಲದ ಒಂದು ತುಕಡಿ ಹುಟ್ಟಿತು! ಇದು ನಡೆಯುವುದಿಲ್ಲವೆಂದು ನನಗೆ ನಾನೇ ಫರ್ಮಾನು ಹೊರಡಿಸಿದೆ: ಸಿಪಾಯಿಗೆ ಎರಡೂ ಕೈ ಬರುವ ತನಕ ಚಹಾ ಇಲ್ಲ. ಚಹಾದ ಅವಸರಕ್ಕೆ ಒಬ್ಬನಿಗೆ ಎರಡೂ ಕೈ ಒಂದೇ ಬದಿಗೆ ಬಂದವು. ಆಮೇಲೆ ದಿನವೂ ದಂಡಿನ ಹಾಜರಿ ಕೂಗತೊಡಗಿದೆ. ಕೂಗಲು ಹೆಸರು ಬೇಕಲ್ಲ? ಕಚೇರಿಯವರ ಹೆಸರನ್ನೇ ಹಂಚಿದೆ. ನಮ್ಮ ಸಾಹೇಬರ ಹೆಸರನ್ನು ಕುದುರೆಯ ಲದ್ದಿ ಬಳಿಯುವವನಿಗೆ ಇಟ್ಟೆ. ಆ ಒಂದು ಹೆಸರಿನಿಂದ ಹದಿನೈದು ದಿನದ ಹುರುಪು ಬಂತು! ಹಾಜರಿ ಕೂಗುವವನೂ ನಾನೇ, "ಹಾಜರ್!" ಎನ್ನುವವನೂ ನಾನೇ. ಒಂದು ಸಂಜೆ ಹೊರಗೆ ಯಾರೋ ಕೆಮ್ಮಿದರೆಂದು "ಹಾಜರ್" ಅರ್ಧಕ್ಕೇ ನುಂಗಿದೆ. ನೋಡಿದರೆ ಆಡು.

ಬೆಳಕಿಗೆಂದು ತಲೆಬಾಗಿಲು ತೆರೆದಿಟ್ಟು, ಅದರ ಎದುರಿಗೇ ಕುಳಿತು ಕೆಲಸ ಮಾಡುತ್ತಿದ್ದೆ. ಮುಗಿದ ಸಿಪಾಯಿಯನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ ಮುಂದಿನವನಿಗೆ ಮಣ್ಣು ಹಿಸುಕುವುದು. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಕೈ ತಾನಾಗಿ ನಿಲ್ಲುತ್ತಿತ್ತು. ಹೆಜ್ಜೆ ಮಾತ್ರ ನಿಲ್ಲುತ್ತಿರಲಿಲ್ಲ.

ಎಂಟು ದಿನ ತಿಂಗಳಾಯಿತು, ತಿಂಗಳು ಎರಡಾಯಿತು. ಸಂಜೆ ನರಗುಂದದ ಮೋಟಾರು ಬರುವ ಹೊತ್ತಿಗೆ ಸರಿಯಾಗಿ ನನಗೆ ಆ ಕಡೆಯ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆ ಕೊಳ್ಳುವ ಜರೂರು ಬೀಳುತ್ತಿತ್ತು. ಮನೆಯಲ್ಲಿ ಕಡ್ಡಿಪೆಟ್ಟಿಗೆಗಳ ರಾಶಿ ಬಿತ್ತು. ಒಲೆ ಹೊತ್ತಿಸುವ ಪ್ರಸಂಗ ಮಾತ್ರ ಬರಲಿಲ್ಲ, ಊಟ, ಚಹಾ ಎರಡೂ ಖಾನಾವಳಿಯಲ್ಲಿ.

ಲಕ್ಷ್ಮಪ್ಪ ಮೋಟಾರಿನ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದ: "ಬಾಯಾರು ಇನ್ನ ಎಂಟ ದಿನಾ ಅಂದಾರ್ರಿ, ರಾಯರ!"

"ನಾ ಎಲ್ಲೆ ಕೇಳಿದೆ? ನಾ ಕಡ್ಡಿಪೆಟ್ಟಿಗಿ ಒಯ್ಯಲಿಕ್ಕೆ ಬಂದೀನಿ. ಆಕಿಗೆ ಹೇಳು, ನನಗ ಕೆಲಸಾ ಭಾಳ ಅದ. ಏನೂ ಅವಸರಾ ಇಲ್ಲ!"

"ಹ್ವಾದ ವಾರಾನೂ ಹಂಗ ಹೇಳೇನ್ರಿ."

"ಏನಂದಳು?"

"'ಹಂಗಾರ ಚಲೋನ ಆತು' ಅಂದ್ರು."

ಚಲೋ ಆಯಿತಂತೆ! ಅಂದು ಮನೆಗೆ ಬಂದು ಒಬ್ಬನೇ ಒಬ್ಬ ಸಿಪಾಯಿಯನ್ನೂ ಮಾಡಲಿಲ್ಲ. ಮೂಗಿಲ್ಲದವರ ಮುಂದೆ ಮೂಗೇರಿಸಿಕೊಂಡು ಕುಳಿತಿದ್ದೆ.

ಒಳಗಿನ ಮಾತು ಹೇಳಿಬಿಡುತ್ತೇನೆ. 'ಬಾ' ಎಂದು ಹೇಳಿಕಳಿಸಲು ಬಾಯಿಲ್ಲ. ಎಂಟು ತಿಂಗಳು ಇರೆಂದು ಮೋಟಾರಿನ ಜನರೆಲ್ಲ ಕೇಳುವಂತೆ ಗರ್ಜಿಸಿದವನು ನಾನು. ಆದರೆ 'ದಂಡು ಪೂರಾ ಆಗಿದೆ, ಬಂದು ನೋಡಿಹೋಗು' ಎನ್ನಬಹುದಲ್ಲ? ಅದರಲ್ಲಿ ಮಾನ ಹೋಗುವಂಥದ್ದೇನಿದೆ? ಅದೊಂದು ನೆಪಕ್ಕಾಗಿ ದಂಡು ಮುಗಿಯಬೇಕಾಗಿತ್ತು. ನನ್ನ ಹುರುಪಿನ ಬೇರು ಇದು. ಸೇನಾಪತಿಗಳು ಯಾರೂ ಇದನ್ನು ಒಪ್ಪಿಕೊಳ್ಳುವುದಿಲ್ಲ.

ಉಳಿದದ್ದು ಕುದುರೆಗಳು. ಅಲ್ಲಿ ಕೈ ಮೋಸಮಾಡಿತು. ನಮ್ಮ ಕಡೆ ಹುಟ್ಟಿದವನ ಕೈಗೆ ಮಣ್ಣು ಸಿಕ್ಕರೆ ಅದು ಎತ್ತೇ ಆಗುತ್ತದೆ! ವರ್ಷವರ್ಷವೂ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬೆಳೆದ ಬೆರಳುಗಳಿಗೆ ಬೇರೆ ಪ್ರಾಣಿಯ ಪರಿಚಯವಿಲ್ಲ. ಎಷ್ಟು ತಿದ್ದಿದರೂ ಕುದುರೆಯ ಬೆನ್ನ ಮೇಲೆ ಎತ್ತಿನ ಹಿಣಿಲು ಎದ್ದುಬಿಡುತ್ತಿತ್ತು. ಕೊನೆಗೆ ಕುದುರೆಗಳಿಗೆಲ್ಲ ಕೊಂಬು ಹಚ್ಚಿ ತೋಪಿನ ದಳಕ್ಕೆ ವರ್ಗ ಮಾಡಿದೆ. ಹೀಗಾಗಿ ನನ್ನ ದಂಡಿನಲ್ಲಿ ಸವಾರರು ಕಾಲ್ನಡಿಗೆಯವರು. ಎತ್ತುಗಳು ಮಾತ್ರ ಇಡೀ ಓಣಿಗೆ ಸಾಲುವಷ್ಟು.

ಜೂನ್ ಕೊನೆಗೆ ಕಟ್ಟಕಡೆಯ ಎತ್ತು ಮುಗಿಯಿತು. ಎತ್ತುಗಳನ್ನೆಲ್ಲ ಜೋಡಿ ಜೋಡಿಯಾಗಿ ಅಂಗಳದಲ್ಲಿ ಒಣಗಲು ಇಟ್ಟೆ. ಮೋಡವಿತ್ತು; ಹನಿ ಬಿದ್ದರೆ ಒಳಗಿಡಲಿ ಎಂದು ಮನೆಯ ಕೀಲಿಯನ್ನು ಕಳಕಪ್ಪನ ಹೆಂಡತಿ ಚನ್ನವ್ವನ ಕೈಗೆ ಕೊಟ್ಟು ಕಚೇರಿಗೆ ಹೊರಟೆ. ಸಂಜೆ ಬಂದು ತೋಪಿಗೆ ಎತ್ತು ಹೂಡುವುದು, ಲಕ್ಷ್ಮಪ್ಪನಿಗೆ 'ದಂಡು ಸಿದ್ಧ' ಎಂದು ಸಾರುವುದು!

ಸಂಜೆ ಬಂದೆ. ತೋಪುಗಳಿದ್ದವು, ಸಿಪಾಯಿಗಳಿದ್ದರು. ಎತ್ತುಗಳಿಲ್ಲ! ಅಂಗಳವೆಲ್ಲ ಬಟಾಬಯಲು.

ಚನ್ನವ್ವ ಹೋಳಿಗೆಯ ತಾಟು ಹಿಡಿದು ನಗುನಗುತ್ತ ಬಂದಳು.

"ಎಷ್ಟ ಚಂದ ಎತ್ತ ಮಾಡಿದ್ರೀ, ರಾಯರ! ನಾವ ಹುಟ್ಟಿದಾಗಿಂದ ಇಂಥಾವ ನೋಡಿಲ್ಲ."

"ಎಲ್ಲೆ ಅವ, ಚನ್ನವ್ವ?"

"ಓಣ್ಯಾಗ ಮನಿಮನಿಗೆ ಹಂಚೇನ್ರಿ. ಹೊಳಿಮಣ್ಣೂರ ಕುಂಬಾರ ಮಳಿಗೆ ಸಿಕ್ಕ ಸಂತಿಗೆ ಬರಲೇ ಇಲ್ಲ. ಇವತ್ತ ಅಮಾಸಿ, ಯಾರ ಮನ್ಯಾಗೂ ಎತ್ತಿಲ್ಲ. ನಿಮ್ಮ ಅಂಗಳಾ ನೋಡತೀನಿ, ಜೋಡಿ ಜೋಡಿ ಎತ್ತ! ರಾಯರು ಓಣಿಗೆಲ್ಲಾ ಮಾಡಿಟ್ಟಾರ ಅಂತ ಗೊತ್ತಾತು. ನಿಮ್ಮ ಹೆಸರಲೆ ನಮ್ಮನ್ಯಾಗ ಪೂಜಿ ಮಾಡಿ ಎಡಿ ತೋರ್ಸೀನಿ, ಕಾಳಜಿ ಮಾಡಬ್ಯಾಡ್ರಿ."

ಅಂದು ಮಣ್ಣೆತ್ತಿನ ಅಮಾವಾಸ್ಯೆ! ನನಗೆ ನೆನಪೇ ಇರಲಿಲ್ಲ. ನಮ್ಮ ಮನೆಯ ಪಂಚಾಂಗ ನರಗುಂದದಲ್ಲಿತ್ತು.

"ಅಲ್ಲ ಚನ್ನವ್ವ, ಒಂದನ್ನರ ಬಿಡಬೇಕಿಲ್ಲೋ?"

"ಬಿಟ್ಟೀನ್ರಿ! ಒಂದರ ಕಾಲ ಮುರದಿತ್ತು. ಕುಂಟೆತ್ತ ಪೂಜಿಗೆ ಬರೂದಿಲ್ಲ ಅಂತ ಅದನ್ನ ನಿಮಗ ಇಟ್ಟೀನಿ."

ಕಂಬದ ಬುಡದಲ್ಲಿ ಮೂರು ಕಾಲಿನ ಎತ್ತೊಂದು ಕಂಬಕ್ಕೆ ಆತು ನನ್ನನ್ನೇ ನೋಡುತ್ತಿತ್ತು. ಹೋಳಿಗೆ ಬಿಸಿಯಾಗಿತ್ತು, ತಿಂದೆ. ದುಃಖ ಬೇರೆ, ಹೋಳಿಗೆ ಬೇರೆ.

ಮರುದಿನ ಸಂಜೆಗೆ ಎತ್ತುಗಳನ್ನೆಲ್ಲ ಕೆರೆಗೆ ಬಿಡುತ್ತಾರೆ. ಅಷ್ಟರೊಳಗೆ ನನ್ನ ಸೈನ್ಯವನ್ನು ಬಿಡಿಸಿ ತರಬೇಕು! ಕಚೇರಿಗೆ ರಜೆ ಹಾಕಿದೆ. ಎತ್ತು ತುಂಬಲು ಒಂದು ಚೀಲ ಹೆಗಲಿಗೆ. ನನ್ನ ಎತ್ತು ಯಾವುದೆಂದು ಜನರಿಗೆ ಗುರುತು ತೋರಿಸಲು ಕೈಯಲ್ಲಿ ಆ ಕುಂಟೆತ್ತು. ಹೀಗೆ ಸನ್ನದ್ಧನಾಗಿ ಓಣಿಯ ಮೊದಲ ಮನೆಯ ಬಾಗಿಲಲ್ಲಿ ನಿಂತೆ. ಮುದುಕಿ ಸಿದ್ದಲಿಂಗವ್ವ ನನ್ನ ಕೈಯಲ್ಲಿದ್ದ ಎತ್ತು ನೋಡಿದಳು, ಹೆಗಲ ಮೇಲಿನ ಚೀಲ ನೋಡಿದಳು. ಒಳಗೆ ಹೋಗಿ ಬಂದು ಚೀಲಕ್ಕೆ ಒಂದು ಸೇರು ಜೋಳ ಸುರಿದಳು!

ಆಗ ಹೊಳೆಯಿತು. ಅಮಾವಾಸ್ಯೆಯ ಮರುದಿನ ಕಾಲು ಮುರಿದ ಮಣ್ಣೆತ್ತು ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುವುದು ನಮ್ಮ ಕಡೆಯ ಚಿಕ್ಕ ಹುಡುಗರ ಪದ್ಧತಿ. ಹೆಡ್ ಕ್ಲಾರ್ಕರ ಪದ್ಧತಿಯಲ್ಲ!

"ಅಜ್ಜಿ, ಇದಕ್ಕಲ್ಲ! ನಾ ಎತ್ತ ಕೇಳಲಿಕ್ಕೆ ಬಂದೀನಿ!"

"ಎತ್ತ ಕೊಡಾಕ ಬರೂದಿಲ್ಲೋ ತಮ್ಮಾ, ಪೂಜಿ ಆಗೈತಿ. ಜ್ವಾಳಾ ಸಾಲದೇನು? ತಡಿ, ಇನ್ನೊಂದ ಸೇರ ಹಾಕತೀನಿ. ಹೇಣ್ತಿ ಇಲ್ಲದ ಎಷ್ಟ ಸೊರಗಿ ನೋಡು!"

ಎರಡನೆಯ ಮನೆ ಜಮಾಲಬಿಯದು. ಎತ್ತಿನ ಪೂಜೆ ಅವರಲ್ಲಿಲ್ಲ, ಎತ್ತೂ ಹೋಗಿರಲಿಲ್ಲ. ಆದರೂ ಕರೆದಳು. "ಬರ್ರಿ ರಾಯರ, ಕುಂದರ್ರಿ. ನಿಮ್ಮ ಎತ್ತ ಕುಂಟಾದ್ರೂ ಮಾರಿ ಎಷ್ಟ ನಗಿಮಾರಿ ಐತಿ! ಬಾಯಾರು ಎಂದ ಬರತಾರ್ರಿ?" ಎನ್ನುತ್ತ ಒಂದು ಬೊಗಸೆ ಜೋಳ, ಒಂದು ಉಂಡೆ ಬೆಲ್ಲ ಹಾಕಿದಳು. ಆ ಮೂರು ಕಾಲಿನದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೂರು ತಿಂಗಳಲ್ಲಿ ನನ್ನ ಕೈಕೆಲಸವನ್ನು ಹೀಗೆ ನೋಡಿದವರು ಯಾರೂ ಇರಲಿಲ್ಲ.

ಇನ್ನು ನಾಚಿಕೆಯ ಭಾಗ. ಮೂರನೆಯ ಮನೆಯಲ್ಲಿ ನಾನು ಎತ್ತಿನ ಮಾತೇ ಎತ್ತಲಿಲ್ಲ. ನಾಲ್ಕನೆಯ ಮನೆಯಲ್ಲಿ ಜಗಲಿಯ ಮೇಲೆ ಕುಳಿತು ಅವಲಕ್ಕಿ ತಿಂದೆ. ಆಮೇಲೆ ನಮ್ಮ ಓಣಿ ಮುಗಿಯಿತು, ನಾನು ಮುಗಿಸಲಿಲ್ಲ. ಪಕ್ಕದ ಓಣಿಗೆ ತಿರುಗಿದೆ! ಅಲ್ಲಿ ನನ್ನ ಒಂದು ಎತ್ತೂ ಇರಲಿಲ್ಲ. ಜನರಿದ್ದರು. ಎಲ್ಲರೂ ನಕ್ಕರು, ಎಲ್ಲರೂ ಕುಳ್ಳಿರಿಸಿದರು, ಎಲ್ಲರೂ "ಬಾಯಾರು ಎಂದ ಬರತಾರ್ರಿ?" ಎಂದರು. ಚೀಲ ಭಾರವಾಗಿ ಹೆಗಲು ಬದಲಿಸಿ ನಿಂತಾಗ ನರಗುಂದದ ಮೋಟಾರು ಎದುರಿಗೇ ಹಾಯಿತು. ಲಕ್ಷ್ಮಪ್ಪ ಮೆಟ್ಟಿಲ ಮೇಲಿಂದ ನನ್ನನ್ನೂ, ಚೀಲವನ್ನೂ, ಕುಂಟೆತ್ತನ್ನೂ ನೋಡಿದ. ಟಿಕೆಟಿನ ಪೆಟ್ಟಿಗೆ ಅವನ ಕೈಯಿಂದ ಜಾರಿತು.

ಮರುದಿನ ಸಂಜೆ ಲಕ್ಷ್ಮಪ್ಪನಿಗೆ ಮುಖ ತೋರಿಸಲು ನಾಚಿ, ಕಡ್ಡಿಪೆಟ್ಟಿಗೆಗೆ ಹೋಗದೆ ಮನೆಯಲ್ಲೇ ಉಳಿದೆ. ತಲೆಬಾಗಿಲಲ್ಲಿ ಟ್ರಂಕು ದಪ್ಪನೆ ಕುಳಿತ ಸಪ್ಪಳ. ಅದರ ಹಿಂದೆ ಲೀಲಾಬಾಯಿ!

"ಮಾಮಲೇದಾರ ಕಚೇರಿ ಹೆಡ್ ಕ್ಲಾರ್ಕರು ಮನಿಮನಿಗೆ ಜ್ವಾಳಾ ಬೇಡಲಿಕ್ಕೆ ಹತ್ಯಾರಂತ! ಇಡೀ ಮೋಟಾರ ತುಂಬ ಅದ ಸುದ್ದಿ. ನನಗ ಮಾರಿ ಎತ್ತಲಿಕ್ಕೆ ಜಾಗಾ ಇಡಲಿಲ್ಲ ನೀವು!"

"ಅದು ಹಂಗಲ್ಲ, ಲೀಲಾ. ಯುದ್ಧದ ಎತ್ತು..."

"ಉಪವಾಸ ಇದ್ದೀರೇನು? ಚನ್ನವ್ವ ರೊಟ್ಟಿ ಕಳಸಲಿಲ್ಲೇನು?"

"ನಿಮ್ಮವ್ವನ ಟೊಂಕ ಹ್ಯಾಂಗದ?" ಎಂದೆ, ಮಾತು ತಿರುಗಿಸಲು.

"ಕೋಲ ಹಿಡದ ಓಡಾಡತಾಳ. ಆಗಲೇ ತಿಂಗಳಾತು."

"ತಿಂಗಳಾತು? ಮತ್ತ ಬರಲಿಲ್ಲ ಯಾಕ?"

"ನೀವ ಹೇಳಿಕಳಿಸಿದ್ರಲ್ಲ, ಕೆಲಸಾ ಭಾಳ ಅದ, ಅವಸರಾ ಇಲ್ಲ ಅಂತ! ದೊಡ್ಡವರ ಕೆಲಸಕ್ಕ ನಾ ಯಾಕ ಅಡ್ಡ ಬರ್ಲಿ?"

ನಾನು ಟ್ರಂಕು ಎತ್ತಿ ಒಳಗಿಟ್ಟೆ.

ಲೀಲಾಬಾಯಿ ಸೆರಗಿನಿಂದ ಬೆವರು ಒರೆಸಿಕೊಂಡು ಪಡಸಾಲೆಗೆ ಬಂದು ನನ್ನ ದಂಡಿನ ಮುಂದೆ ನಿಂತಳು. ಎತ್ತಿಲ್ಲದ ತೋಪು, ಮೂಗಿಲ್ಲದ ತುಕಡಿ, ಒಂದೇ ಬದಿಗೆ ಎರಡು ಕೈಯಿದ್ದವನು. ಎಲ್ಲರ ಮುಂದೆ, ಸೇನಾಪತಿಯ ಜಾಗದಲ್ಲಿ, ಕುಂಟೆತ್ತು. ಒಂದೊಂದನ್ನೇ ನೋಡಿದಳು. ನಗುತ್ತಾಳೆಂದು ಕಾದೆ. ನಗಲಿಲ್ಲ.

"ಕೋಟಿ ಎಲ್ಲದ?"

"ಅದ ಅಲ್ಲ, ಗ್ವಾಡಿ ಕಡೆ, ಗುಡ್ಡದ ಮ್ಯಾಲ."

"ಲಗ್ಗಿ ಹಾಕಲಿಕ್ಕೆ ಹೊಂಟವರು ಇವರು?"

"ಹೌದು!"

"ಮತ್ತ ಕೋಟಿಗೆ ಬೆನ್ನ ಮಾಡಿ ಎಲ್ಲಾರೂ ಬಾಗಲಾ ಕಡೆ ಯಾಕ ನೋಡ್ಲಿಕ್ಕೆ ಹತ್ಯಾರ?"

ನಾನೂ ಆಗಲೇ ನೋಡಿದ್ದು! ಒಬ್ಬನಾದರೂ ಗುಡ್ಡದ ಕಡೆ ಮುಖ ಮಾಡಿರಲಿಲ್ಲ. ಮೂಗಿದ್ದವರೂ, ಇಲ್ಲದವರೂ, ಇಡೀ ದಂಡು ತಲೆಬಾಗಿಲನ್ನು ನೆಟ್ಟ ಕಣ್ಣಿನಿಂದ ನೋಡುತ್ತ ನಿಂತಿತ್ತು.

"ಬೆಳಕಿಗೆ," ಎಂದೆ.

"ಹೌದೌದು. ಬೆಳಕಿಗೆ," ಎಂದಳು ಲೀಲಾಬಾಯಿ. ಬಾಗಿ, ಕುಂಟೆತ್ತನ್ನು ಎರಡು ಬೆರಳಿನಿಂದ ಎತ್ತಿ, ಮುಖವನ್ನು ಅಡುಗೆಮನೆಯ ಕಡೆಗೆ ತಿರುಗಿಸಿ ಇಟ್ಟಳು. ಜೋಳದ ಚೀಲವನ್ನು ಕಂಕುಳಿಗೆ ಏರಿಸಿಕೊಂಡಳು.

"ನಿಮ್ಮ ದಂಡಿಗೆಲ್ಲಾ ಹೇಳ್ರಿ, ಇನ್ನ ಈ ಕಡೆ ತಿರುಗರಿ ಅಂತ. ಜ್ವಾಳಾ ಬೀಸಿ ರೊಟ್ಟಿ ಬಡೀತೀನಿ. ಎಲ್ಲೆ, ಕಡ್ಡಿಪೆಟ್ಟಿಗಿ ಏನರೆ ಅದನೋ ಇಲ್ಲೋ ಮನ್ಯಾಗ?"